ಬರ್ತದೆ ಅಂದದ್ದು ಬಾರದಿದ್ದರೆ

ಒಂದು ವಸ್ತು ಬರ್ತದೆ ಅಂತ ಊರಿಗೆಲ್ಲ ಹೇಳಿ, ಹೇಳಿದ ಕಾಲಕ್ಕೆ ಅದು ಬಾರದಿದ್ದರೆ, ಹೇಳಿದವನನ್ನು ಸುಳ್ಳುಗಾರ ಅನ್ನಬಹುದೋ ಬಾರದೋ? ಈ ಮಾತು ನಮ್ಮ ವಾಚನಾಲಯದ ಜಗಲಿ ಮೇಲೆ ಎದ್ದು ಮೂರು ವಾರ ಆಯ್ತು. ಮಳೆ ವಿಷಯಕ್ಕೆ ಎದ್ದದ್ದಲ್ಲ, ಸಾಲದ ವಿಷಯಕ್ಕೂ ಅಲ್ಲ, ಒಂದು ಕನ್ನಡಕದ ವಿಷಯಕ್ಕೆ. ಮೇಷ್ಟ್ರು ಒಂದು ಪಕ್ಷ, ನಾನು ಒಂದು ಪಕ್ಷ, ನನ್ನ ತಂಗಿ ಮಗ ಎರಡರ ನಡುವೆ. ಕೊನೆಗೆ ಮೇಷ್ಟ್ರು, "ನಿಮ್ಮ ವಾದ ಬರೆದು ಕೊಡಿ, ಪುಸ್ತಕಕ್ಕೆ ಹಾಕೋಣ" ಅಂದರು. ಬರೆದಿದ್ದೇನೆ. ಓದಿದವರು ಒಪ್ಪಲೇಬೇಕು ಅಂತೇನಿಲ್ಲ.

ಈ ಕನ್ನಡಕ ನಾವು ಪೇಪರ್ ಓದೋಕೆ ಹಾಕೋ ಕನ್ನಡಕ ಅಲ್ಲ. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಹೆಡ್‌ಸೆಟ್ ಅಂತಾರೆ. ತಲೆಗೆ ಹಾಕಿಕೊಂಡರೆ ಎದುರಿನ ಗೋಡೆ, ಮೇಜು, ಮನುಷ್ಯರು ಎಲ್ಲ ಇದ್ದ ಹಾಗೇ ಕಾಣ್ತಾರೆ. ಅವುಗಳ ನಡುವೆ, ಅಲ್ಲಿ ಇಲ್ಲದ್ದೂ ಇದ್ದ ಹಾಗೆ ಕಾಣ್ತದೆ. ನನ್ನ ತಂಗಿ ಮಗ ಕೊಯಮತ್ತೂರಿನಲ್ಲಿ ಪಂಪು ಮಾಡೋ ಕಾರ್ಖಾನೆಯ ಫಿಟ್ಟರ್. ಅವನು ಹೇಳಿದ್ದರಿಂದ ನನಗೆ ಅರ್ಥ ಆಯ್ತು: "ಮಾವ, ನೀನು ಮೋಟರು ಬಿಚ್ಚಿಟ್ಟುಕೊಂಡು ಕೂತಿದ್ದೀಯ ಅಂತ ಇಟ್ಟುಕೋ. ಯಾವ ಬೋಲ್ಟು ಮೊದಲು ತಿರುಗಿಸಬೇಕು ಅಂತ ಆ ಬೋಲ್ಟಿನ ಮೇಲೇ ಬಾಣದ ಗುರುತು ಕಾಣ್ತದೆ. ಪುಸ್ತಕ ತೆಗೆದು ನೋಡೋ ಹಾಗಿಲ್ಲ, ಎರಡು ಕೈಯೂ ಕೆಲಸಕ್ಕೆ ಬಿಡುವು." ಶಾಲೆಯಲ್ಲಾದರೆ ಮಕ್ಕಳ ಬೆಂಚಿನ ಮೇಲೆ ಹೃದಯ ಬಡಿಯೋದನ್ನ ತೋರಿಸಬಹುದಂತೆ, ಸುತ್ತ ಹೋಗಿ ಹಿಂದಿನಿಂದಲೂ ನೋಡಬಹುದಂತೆ. ಒಳ್ಳೆ ವಸ್ತುವೇ. ಬೇಡ ಅನ್ನೋನು ನಾನಲ್ಲ.

ಕಷ್ಟ ಏನಂದರೆ, ಈ ವಸ್ತು ಬಂದದ್ದಕ್ಕಿಂತ ಬರ್ತದೆ ಅಂದದ್ದೇ ಹೆಚ್ಚು. 1968ರಲ್ಲೇ ಅಮೆರಿಕದಲ್ಲಿ ಐವನ್ ಸದರ್ಲೆಂಡ್ ಅನ್ನೋ ವಿಜ್ಞಾನಿ ಇಂಥದ್ದೊಂದನ್ನ ಮಾಡಿದ್ದರು. ಅದು ಎಷ್ಟು ಭಾರ ಅಂದರೆ ಮಾಳಿಗೆಯಿಂದ ತೂಗು ಹಾಕಿ ಅದರ ಕೆಳಗೆ ತಲೆ ಕೊಡಬೇಕಿತ್ತು. ಗೂಗಲ್ ಕಂಪನಿ 2013ರಲ್ಲಿ ತನ್ನ ಗ್ಲಾಸ್ ಅನ್ನು 1,500 ಡಾಲರಿಗೆ ಕೆಲವರಿಗೆ ಕೊಟ್ಟು, 2015ರ ಶುರುವಿನಲ್ಲೇ ಆ ಮಾರಾಟ ನಿಲ್ಲಿಸಿತು. ಆಮೇಲೆ ಕಾರ್ಖಾನೆಗಳಿಗೆ ಅಂತ ಬೇರೆ ಮಾಡಿ, 2023ರ ಮಾರ್ಚಿಯಲ್ಲಿ ಅದನ್ನೂ ನಿಲ್ಲಿಸಿತು. ಮೈಕ್ರೋಸಾಫ್ಟ್ 2015ರ ಜನವರಿಯಲ್ಲಿ ಹೋಲೋಲೆನ್ಸ್ ತೋರಿಸಿ, ಮುಂದಿನ ವರ್ಷ ಪ್ರೋಗ್ರಾಂ ಬರೆಯೋರಿಗೆ ಕೊಟ್ಟಿತು. ಎರಡನೇದು 2019ರ ಕೊನೆಗೆ ಬಂತು. ಬೆಲೆ 3,500 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಲಕ್ಷ ರೂಪಾಯಿ. ಮೂರನೇದು ಈಗ ಬರ್ತದೆ ಆಗ ಬರ್ತದೆ ಅಂತ ಜನ ಐದು ವರ್ಷ ಕಾದರು. 2024ರ ಅಕ್ಟೋಬರಿನಲ್ಲಿ ಕಂಪನಿ ಹೇಳಿದ್ದು, ಎರಡನೇದನ್ನೂ ಇನ್ನು ಮಾಡೋದಿಲ್ಲ ಅಂತ. ನಮ್ಮ ದೇಶದಲ್ಲಿ ರಿಲಯನ್ಸ್‌ನವರು 2020ರ ಜುಲೈಯಲ್ಲಿ 75 ಗ್ರಾಮಿನ ಜಿಯೋ ಗ್ಲಾಸ್ ತೋರಿಸಿ, ಮೇಷ್ಟ್ರೂ ಮಕ್ಕಳೂ ಅದರೊಳಗೇ ಕೂತು ಪಾಠ ಮಾಡಬಹುದು ಅಂದರು. ಕರೋನಾಕ್ಕೆ ಶಾಲೆ ಮುಚ್ಚಿದ್ದ ಕಾಲ ಅದು, ಕೇಳಿದ ಮೇಷ್ಟ್ರುಗಳ ಕಿವಿ ನಿಮಿರಿದ್ದು ಸಹಜ.

ಇಷ್ಟು ಕೇಳಿ ನಮ್ಮ ಮೇಷ್ಟ್ರು, "ಎಲ್ಲ ಮೋಸ, ತಡ ಮಾಡೋದೇ ಇವರ ಕಸುಬು" ಅಂದರು. ನಾನು ಆ ಪಕ್ಷಕ್ಕೆ ಸೇರೋದಿಲ್ಲ. ತಡ ಆಗೋದೇ ತಪ್ಪು ಅನ್ನೋನು ಒಂದು ಬೆಳೆಯನ್ನೂ ಕೈಯಾರೆ ಬೆಳೆದವನಲ್ಲ.

ಈ ಕನ್ನಡಕ ಯಾಕೆ ತಡ ಆಗ್ತದೆ ಅಂತ ತಂಗಿ ಮಗನನ್ನ ಕೂರಿಸಿಕೊಂಡು ಕೇಳಿದೆ. ನಾವು ತಲೆ ತಿರುಗಿಸಿದರೆ ಗೋಡೆ ಮೇಲಿನ ಗುರುತು ಗೋಡೆ ಮೇಲೇ ನಿಲ್ಲಬೇಕು, ನಮ್ಮ ಜೊತೆ ಓಡಿ ಬರಬಾರದು. ಅದಕ್ಕೆ ಯಂತ್ರ ತಲೆಯ ಅಲುಗಾಟ ಅಳೆದು ಚಿತ್ರ ತಿದ್ದಿ ತೋರಿಸಬೇಕು. ಅದೂ ಎಷ್ಟು ಬೇಗ? ಒಂದು ಸೆಕೆಂಡನ್ನ 50 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನೊಳಗೆ. ಅದು ಮೀರಿದರೆ ಕಣ್ಣು ಒಂದು ಹೇಳ್ತದೆ, ಕಿವಿಯೊಳಗಿನ ತೂಕ ಇನ್ನೊಂದು ಹೇಳ್ತದೆ, ಹೊಟ್ಟೆ ತೊಳಸ್ತದೆ. ಬಸ್ಸಿನಲ್ಲಿ ಕೂತು ಊಟಿ ಘಾಟಿ ಹತ್ತಿದವರಿಗೆ ಬೇರೆ ವಿವರಣೆ ಬೇಡ. ಇನ್ನು ಬೆಳಕು. ನಮ್ಮ ಚಿತ್ತಿರೈ ಬಿಸಿಲಲ್ಲಿ ಫೋನಿನ ಪರದೆಯೇ ಕಾಣೋದಿಲ್ಲ, ತೆಳು ಗಾಜಿನಲ್ಲಿ ಸಣ್ಣ ದೀಪದ ಚಿತ್ರ ಹೇಗೆ ಕಾಣಬೇಕು? ಬೆಳಕು ಹೆಚ್ಚಿಸಿದರೆ ಬ್ಯಾಟರಿ ದೊಡ್ಡದಾಗಬೇಕು, ದೊಡ್ಡದಾದರೆ ಭಾರ, ಭಾರದ ಜೊತೆ ಬಿಸಿ, ಅದೂ ಹಣೆ ಮೇಲೆ. ಆಪಲ್ ಕಂಪನಿ 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟ ವಿಷನ್ ಪ್ರೋ ಅಂತೂ ಗಾಜಿನ ಗೋಜಿಗೇ ಹೋಗಲಿಲ್ಲ. ಕ್ಯಾಮೆರಾದಿಂದ ಹೊರಗಿನದನ್ನ ಹಿಡಿದು ಒಳಗಿನ ಪರದೆಗೆ ತೋರಿಸ್ತದೆ. ಅದರ ತೂಕ 600 ಗ್ರಾಮಿಗೂ ಹೆಚ್ಚು. ಬ್ಯಾಟರಿ ಬೇರೆ, ಜೇಬಿನಲ್ಲಿ ಇಟ್ಟುಕೊಂಡು ವಯರು ಎಳೆದುಕೊಳ್ಳಬೇಕು. ಅರ್ಧ ಸೇರಿಗಿಂತ ಹೆಚ್ಚು ಭಾರವನ್ನ ಮೂಗಿನ ಮೇಲೆ ಹೊತ್ತು ಯಾರು ಎಷ್ಟು ಹೊತ್ತು ಕೂತಾರು?

ಹಾಗಿರೋವಾಗ, ಇನ್ನೂ ಬಲಿತಿಲ್ಲ ಅಂತ ತಡ ಮಾಡೋದು ತಪ್ಪಲ್ಲ, ತಡ ಮಾಡದೆ ಬಿಡೋದೇ ತಪ್ಪು. ಮಾವಿನ ಕಾಲದಲ್ಲಿ ನಾವು ನೋಡಿಲ್ಲವೇ? ಮೊದಲು ಸಂತೆಗೆ ತಂದವನಿಗೆ ಒಳ್ಳೆ ಬೆಲೆ ಅಂತ ಎಳೇ ಕಾಯಿ ಕಿತ್ತು ಕಾರ್ಬೈಡ್ ಕಲ್ಲು ಹಾಕ್ತಾರೆ. ಸರ್ಕಾರ ಬೇಡ ಅಂದರೂ ಹಾಕ್ತಾರೆ. ಮೇಲೆ ಬಣ್ಣ, ಒಳಗೆ ಹುಳಿ, ತಿಂದವನಿಗೆ ಬಾಯಿ ಹುಣ್ಣು. ಕನ್ನಡಕದಲ್ಲೂ ಇದು ನಡೀತು. ಅಮೆರಿಕದ ಸೈನ್ಯ 2021ರಲ್ಲಿ ಹೋಲೋಲೆನ್ಸ್ ಜಾತಿಯ ಕನ್ನಡಕ ತನ್ನ ಸೈನಿಕರಿಗೆ ಮಾಡಿಸೋಕೆ ಒಪ್ಪಂದ ಮಾಡಿತು. ಹತ್ತು ವರ್ಷದಲ್ಲಿ 2,100 ಕೋಟಿ ಡಾಲರಿಗೂ ಮೀರಿ ಹೋಗಬಹುದಾದ ಒಪ್ಪಂದ. ಮಾರನೇ ವರ್ಷ ಪರೀಕ್ಷೆ ಮಾಡಿದಾಗ ಸೈನಿಕರಿಗೆ ತಲೆನೋವು, ಕಣ್ಣು ನೋವು, ಓಕರಿಕೆ. ಅಲ್ಲಿಗೆ ಕೆಲಸ ನಿಧಾನ ಮಾಡಿದರು, ತಿದ್ದಿದರು. ಆ ನಿಧಾನವನ್ನ ಯಾರಾದರೂ ಬೈತಾರಾ? ತಾಳಿದವನು ಬಾಳಿಯಾನು ಅಂತ ಹಿರಿಯರು ಹೇಳಿದ್ದು ಬರೇ ಸಿಟ್ಟಿನ ವಿಷಯಕ್ಕಲ್ಲ.

ನಾನು ಹಾಡೋನು. ಪದ ಪೂರ್ತಿ ಬಾಯಿಗೆ ಬಾರದೆ ಮಂದಿ ಮುಂದೆ ನಿಂತವನ ಪಾಡು ನೋಡಿ ನೋಡಿ ಬಲ್ಲೆ. ಮೂರನೇ ನುಡಿಯಲ್ಲಿ ದಾರಿ ತಪ್ಪಿ, ಮೊದಲನೇ ನುಡಿಗೇ ಬಂದು, ತಮಟೆಯವನ ಮುಖ ನೋಡ್ತಾನೆ. ಇನ್ನೊಂದು ವರ್ಷ ಕಲಿತು ಬಂದಿದ್ದರೆ ಚೆನ್ನಾಗಿತ್ತು ಅಂತ ಅವನಿಗೂ ಅನ್ನಿಸ್ತದೆ, ನಮಗೂ ಅನ್ನಿಸ್ತದೆ.

ಹಾಗಾದರೆ ತಪ್ಪು ಎಲ್ಲಿದೆ? ನನ್ನ ಲೆಕ್ಕದಲ್ಲಿ ತಪ್ಪು ಎಲೆ ಹಾಕಿದ್ದರಲ್ಲಿದೆ. ಅಕ್ಕಿ ಇನ್ನೂ ಮೊರದಲ್ಲಿರೋವಾಗ ಎಲೆ ಹಾಕಿ ಜನರನ್ನ ಕೂರಿಸಿದರೆ, ಆಮೇಲೆ ಎಷ್ಟು ರುಚಿಯಾಗಿ ಬಡಿಸಿದರೂ ಮಾನ ಹೋದ ಹಾಗೇ. ಮ್ಯಾಜಿಕ್ ಲೀಪ್ ಅಂತ ಫ್ಲೋರಿಡಾದ ಒಂದು ಕಂಪನಿ 2010ರಲ್ಲಿ ಶುರುವಾಯ್ತು. ಶಾಲೆಯ ಆಟದ ಮನೆಯ ನೆಲದಿಂದ ಒಂದು ತಿಮಿಂಗಿಲ ನೆಗೆದು, ನೀರು ಚಿಮ್ಮಿಸಿ, ಮಕ್ಕಳು ಹೋ ಅನ್ನೋ ವಿಡಿಯೋ ತೋರಿಸಿತು. ನಾನೂ ನೋಡಿದೆ, ಮೈ ಜುಂ ಅಂತದೆ. ಆದರೆ ಅದು ಕನ್ನಡಕದೊಳಗೆ ಕಂಡದ್ದಲ್ಲ, ಸಿನಿಮಾದವರು ಮಾಡೋ ಹಾಗೆ ಕೂತು ಮಾಡಿದ ಚಿತ್ರ. ಒಂದೇ ಒಂದು ಕನ್ನಡಕ ಮಾರೋ ಮೊದಲೇ 200 ಕೋಟಿ ಡಾಲರಿಗೂ ಹೆಚ್ಚು ದುಡ್ಡು ಸೇರಿಸಿದರು. 2018ರ ಆಗಸ್ಟಿನಲ್ಲಿ ಕನ್ನಡಕ ಬಂತು, ಬೆಲೆ 2,295 ಡಾಲರ್. ಕನ್ನಡಕ ಕೆಟ್ಟದ್ದೇನಲ್ಲವಂತೆ. ತಿಮಿಂಗಿಲ ಮಾತ್ರ ಇರಲಿಲ್ಲ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಯೋದು ತಾಯಿಯ ಆಸೆ, ಅದನ್ನ ಕ್ಷಮಿಸಬಹುದು. ಕುಲಾವಿ ತೋರಿಸಿ ಊರವರ ಹತ್ತಿರ ತೊಟ್ಟಿಲ ಮುಯ್ಯಿ ಎತ್ತೋದು ಬೇರೆ ವಿಷಯ.

ಇದಕ್ಕೆ ಎದುರಾಗಿ ಇನ್ನೊಂದು. ಮೆಟಾ ಕಂಪನಿ 2024ರ ಸೆಪ್ಟೆಂಬರಿನಲ್ಲಿ ಓರಿಯನ್ ಅಂತ ಕನ್ನಡಕ ತೋರಿಸಿತು. ನೂರು ಗ್ರಾಮಿನೊಳಗೆ ತೂಕ, ನೋಡೋಕೂ ಕನ್ನಡಕದ ಹಾಗೇ. ಆದರೆ ತೋರಿಸಿದ ದಿನವೇ ಹೇಳಿದರು, ಇದು ಮಾರೋಕಲ್ಲ, ಮಾಡೋಕೆ ಬಹಳ ದುಬಾರಿ, ಇನ್ನೂ ಕೆಲಸ ಇದೆ ಅಂತ. ಆ ಕಂಪನಿಯ ಬೇರೆ ಕೆಲಸಗಳ ಬಗ್ಗೆ ನನಗೆ ಒಳ್ಳೆ ಮಾತಿಲ್ಲ, ಅದು ಬೇರೆ ಲೇಖನಕ್ಕೆ ಇರಲಿ. ಈ ಒಂದು ವಿಷಯದಲ್ಲಿ ಸರಿ ಮಾಡಿದರು. ನಮ್ಮ ಪೋತ್ತನೂರು ಜಂಕ್ಷನ್ನಿನಲ್ಲಿ ನಿಂತು ರೈಲು ಕಾದವರಿಗೆ ಈ ವ್ಯತ್ಯಾಸ ಗೊತ್ತು. ಗಾಡಿ ಎರಡು ಗಂಟೆ ತಡ ಅಂತ ಕೂಗಿ ಹೇಳಿದರೆ, ಬೈಕೊಂಡು ಹೋಗಿ ಟೀ ಕುಡೀತೀವಿ, ಹೆಂಗಸರು ಮಕ್ಕಳನ್ನ ಮಲಗಿಸ್ತಾರೆ. ಇನ್ನೇನು ಬಂತು ಅಂತ ಹೇಳಿ ಹೇಳಿ ಅದೇ ಎರಡು ಗಂಟೆ ನಿಲ್ಲಿಸಿದರೆ, ಟೀಯೂ ಇಲ್ಲ, ನಿದ್ದೆಯೂ ಇಲ್ಲ, ಮೂಟೆ ತಲೆ ಮೇಲಿಂದ ಇಳಿಸೋ ಹಾಗೂ ಇಲ್ಲ. ತಡ ಎರಡು ಕಡೆಯೂ ಅಷ್ಟೇ. ಎರಡನೇದರಲ್ಲಿ ನಮ್ಮ ಎರಡು ಗಂಟೆಯನ್ನೂ ಅವರೇ ತಕ್ಕೊಂಡರು.

ತಂಗಿ ಮಗ ಇದನ್ನ ಒಪ್ಪಲಿಲ್ಲ. "ಮಾವ, ಕಾಯಿ ಅಂತ ಯಾರು ಹೇಳಿದರು? ಅದು ವ್ಯಾಪಾರ. ಬೇಕಾದವನು ಕಾಯ್ತಾನೆ, ಬೇಡದವನು ಬೇರೆ ಕೊಳ್ತಾನೆ. ಕನ್ನಡಕ ಬಾರದೆ ಇದ್ದರೆ ಯಾರೂ ಸಾಯೋದಿಲ್ಲ. ಅತ್ತಿಕ್ಕಡವು ನೀರಾ ಅದು?"

ಅವನು ಸರಿಯಾದ ಜಾಗಕ್ಕೇ ಹೊಡೆದ. ಅತ್ತಿಕ್ಕಡವು–ಅವಿನಾಶಿ ಯೋಜನೆಗೆ ನಮ್ಮ ಕೊಂಗು ನಾಡು ಅರವತ್ತು ವರ್ಷ ಕಾಯ್ತು. ಭವಾನಿ ಹೊಳೆಯ ಹೆಚ್ಚಿನ ನೀರನ್ನ ಎತ್ತಿ ಒಣ ಸೀಮೆಯ ಕೆರೆ ಕುಂಟೆ ತುಂಬಿಸಿ ಅಂತ ಅಪ್ಪ ಕೇಳಿದ, ಮಗ ಕೇಳಿದ, ಮೊಮ್ಮಗನೂ ಕೇಳಿದ. ಪ್ರತಿ ಚುನಾವಣೆಯಲ್ಲೂ ಬರ್ತದೆ ಅಂದರು. 2019ರಲ್ಲಿ ಕಲ್ಲು ಹಾಕಿ, 2024ರ ಆಗಸ್ಟ್ 17ಕ್ಕೆ ನೀರು ಬಿಟ್ಟರು. ಖರ್ಚು 1,916 ಕೋಟಿ ರೂಪಾಯಿ, ಈರೋಡು, ತಿರುಪ್ಪೂರು, ಕೊಯಮತ್ತೂರು ಮೂರು ಜಿಲ್ಲೆಯ 1,045 ಕೆರೆ ಕುಂಟೆಗಳಿಗೆ. ಬಂದದ್ದಕ್ಕೆ ಸಂತೋಷವೇ. ಆದರೆ ಆ ಅರವತ್ತು ವರ್ಷದಲ್ಲಿ ಬಾವಿ ಬತ್ತಿ, ಕೊಳವೆ ಬಾವಿ ಸಾವಿರ ಅಡಿ ಇಳಿದು, ತೋಟ ಮಾರಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದವರು ತಿರುಗಿ ಬರಲಿಲ್ಲ. ನೀರು ಕೇಳಿದ ಮನುಷ್ಯ ಒಬ್ಬ, ನೀರು ಕಂಡ ಮನುಷ್ಯ ಇನ್ನೊಬ್ಬ.

ನೀರಿಗೂ ಕನ್ನಡಕಕ್ಕೂ ಸಮ ಹಿಡಿಯೋಕೆ ಆಗೋದಿಲ್ಲ, ಅದನ್ನ ನಾನು ಒಪ್ಪಿದೆ. ಆದರೆ ಕಾದವನಿಗೆ ಏನೂ ನಷ್ಟ ಇಲ್ಲ ಅನ್ನೋದನ್ನ ಒಪ್ಪಲಿಲ್ಲ. ಹೋಲೋಲೆನ್ಸ್ ನಂಬಿ ಎಷ್ಟೋ ಜನ ಅದಕ್ಕೆ ಅಂತಲೇ ಪ್ರೋಗ್ರಾಂ ಬರೆಯೋದು ಕಲಿತರು, ಕಾರ್ಖಾನೆಗಳು ಅದರ ಮೇಲೆ ಕೆಲಸ ಕಟ್ಟಿಕೊಂಡವು. ಹೊಸದು ಬರ್ತದೆ ಅನ್ನೋ ನಂಬಿಕೆಯಿಂದಲೇ ಹಳೇದನ್ನ ಕೊಂಡದ್ದು. ಮಗ್ಗ ಕೊಂಡವನು ಮಗ್ಗ ಒಂದನ್ನೇ ಕೊಳ್ಳೋದಿಲ್ಲ, ನಾಳೆಯೂ ನೂಲು ಸಿಗ್ತದೆ, ಬಿಡಿ ಭಾಗ ಸಿಗ್ತದೆ ಅನ್ನೋದನ್ನೂ ಸೇರಿಸಿ ಕೊಳ್ತಾನೆ. ಎರಡನೇ ಹೋಲೋಲೆನ್ಸಿಗೆ 2027ರ ಕೊನೆವರೆಗೆ ರಕ್ಷಣೆಯ ತಿದ್ದುಪಡಿ ಕೊಡ್ತೀವಿ ಅಂದಿದ್ದಾರೆ, ಅಷ್ಟು ಮರ್ಯಾದೆ ಉಳಿಸಿಕೊಂಡರು. ಮ್ಯಾಜಿಕ್ ಲೀಪಿನ ಮೊದಲ ಕನ್ನಡಕಕ್ಕೆ ಹೀಗಾಗಲಿಲ್ಲ. ಅದು ನಡೆಯೋದು ಕಂಪನಿಯ ದೂರದ ಕಂಪ್ಯೂಟರಿನ ಆಸರೆಯಲ್ಲಿ. 2024ರ ಡಿಸೆಂಬರ್ 31ಕ್ಕೆ ಆ ಆಸರೆ ತೆಗೆದರು. ಕೈಯಲ್ಲಿರೋ ವಸ್ತು, ಒಡೆದಿಲ್ಲ, ತುಕ್ಕು ಹಿಡಿದಿಲ್ಲ, ದುಡ್ಡು ಕೊಟ್ಟು ತಂದದ್ದು, ಆದರೂ ನಡೆಯೋದಿಲ್ಲ. ನನ್ನ ಅಜ್ಜನ ಕಾಲದ ಕಪಿಲೆ ಬಾನಿಯನ್ನ ಈಗ ತೆಗೆದು ಕಟ್ಟಿದರೂ ನೀರೆತ್ತುತ್ತದೆ. ಇದನ್ನ ಹೇಳಿದಾಗ ತಂಗಿ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಫಿಟ್ಟರ್ ಅಲ್ಲವೇ, ನಡೆಯೋ ಯಂತ್ರವನ್ನ ಸಾಯಿಸೋದು ಅವನಿಗೂ ಸರಿ ಬರಲಿಲ್ಲ.

ಮುಂದಿನ ಪೀಳಿಗೆ ಅನ್ನೋ ಮಾತಿನಲ್ಲಿ ಇನ್ನೊಂದು ಕೇಡಿದೆ. ಅದು ಈಗ ಇರೋದನ್ನ ಎಂಜಲು ಮಾಡ್ತದೆ. ಮುಂದಿನದು ಬರ್ತದಲ್ಲ, ಈಗ ಇದು ಯಾಕೆ ಅನ್ನಿಸ್ತದೆ. ಹೃದಯ ಬೆಂಚಿನ ಮೇಲೆ ಬಡಿಯೋ ಕಾಲ ಬರ್ತದೆ ಅಂತ ಗೋಡೆಯ ಪಟ ಹರಿದರೂ ಹೊಸದು ತರಿಸದೆ ಬಿಟ್ಟರೆ, ಈ ವರ್ಷ ಏಳನೇ ಕ್ಲಾಸಿನಲ್ಲಿರೋ ಹುಡುಗಿ ಪಟವನ್ನೂ ನೋಡಲಿಲ್ಲ, ಬೆಂಚಿನ ಮೇಲಿನ ಹೃದಯವನ್ನೂ ನೋಡಲಿಲ್ಲ. ಅವಳು ಮುಂದಿನ ಪೀಳಿಗೆ ಬರೋವರೆಗೆ ಏಳನೇ ಕ್ಲಾಸಿನಲ್ಲೇ ಕೂರೋದಿಲ್ಲ.

ಇದು ನನಗೆ ಬರೇ ವಾದಕ್ಕೆ ಹೊಳೆದದ್ದಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು, ಎಂಬತ್ತು ದಾಟಿದವರು. ನಮ್ಮವರು ಮೈಸೂರು ಸೀಮೆಯಿಂದ ಮಗ್ಗ ಹೊತ್ತು ಘಟ್ಟ ಇಳಿದು ಬಂದ ಕಥೆಯನ್ನ ಬೀಸೋ ಕಲ್ಲಿನ ಪದವಾಗಿ ಹಾಡೋರು. ಪೂರ್ತಿ ಹಾಡೋಕೆ ಒಂದು ಸೇರು ರಾಗಿ ಬೀಸೋ ಹೊತ್ತು ಬೇಕು. ಯಾವ ಮಡುವಿನ ಹತ್ತಿರ ಇಳಿದರು, ಯಾರು ನೀರು ಕೊಟ್ಟರು, ಯಾರು ಕೊಡಲಿಲ್ಲ, ಎಲ್ಲ ಇತ್ತು ಅದರಲ್ಲಿ. ಜನಪದ ಹಿಡಿದಿಡೋ ಕೆಲಸದವರು ಒಮ್ಮೆ ಬಂದರು. ಕೇಳಿ ಕಣ್ಣೀರು ಹಾಕಿಕೊಂಡರು, ನಿಜವಾಗಿಯೇ. ಆಮೇಲೆ ಹೇಳಿದರು: "ಅಜ್ಜಿ, ಇದನ್ನ ಸುಮ್ಮನೆ ಹಿಡಿಯೋದಲ್ಲ. ಹೊಸ ಕ್ಯಾಮೆರಾ ಬರ್ತದೆ, ಹೊಸ ಕನ್ನಡಕ ಬರ್ತದೆ. ಅದರಲ್ಲಿ ಹಿಡಿದರೆ ನೀವು ಎದುರಿಗೇ ಕೂತು ಬೀಸಿ ಹಾಡಿದ ಹಾಗೆ ನಿಮ್ಮ ಮರಿಮಕ್ಕಳು ನೋಡಬಹುದು. ಈಗಿನದರಲ್ಲಿ ಹಿಡಿದರೆ ನಾಳೆ ಹಳೇದಾಗ್ತದೆ."

ಅಜ್ಜಿ ಕಲ್ಲನ್ನ ತೊಳೆದು, ಹಳದಿ ಸೀರೆ ಮಡಿಸಿಟ್ಟು ಕಾದರು. ನಾನು ಫೋನು ಹಿಡಿದು ಹೋದಾಗಲೆಲ್ಲ, "ಅವರು ಬರ್ತಾರಪ್ಪ. ಗಂಟಲು ಈಗಲೇ ಸವೆಸಿದರೆ ಆಗೋದಿಲ್ಲ" ಅನ್ನೋರು. ಆಡಿ ಹೋಯ್ತು, ತೈ ಹೋಯ್ತು. ಫೋನು ಮಾಡಿದರೆ ಕ್ಯಾಮೆರಾ ಇನ್ನೂ ಬಂದಿಲ್ಲ, ಮುಂದಿನ ಸಲ ಖಂಡಿತ ಅನ್ನೋರು. ಎರಡನೇ ವರ್ಷ ಮಾರ್ಗಳಿ ಚಳಿಯಲ್ಲಿ ಅಜ್ಜಿ ಹೋದರು. ಆ ಪದದ ಮೊದಲ ನಾಲ್ಕು ನುಡಿ ನನಗೆ ಬರ್ತದೆ. ಘಟ್ಟದ ತಲೆ ಮೇಲೆ ನಿಂತು ಕೆಳಗೆ ನೋಡ್ತಾರೆ, ಅಲ್ಲಿಗೆ ನಿಂತಿದೆ. ಇಳಿದದ್ದು ಯಾರಿಗೂ ಬರೋದಿಲ್ಲ.

ಅವರು ಸುಳ್ಳು ಹೇಳಿದರೇ? ಇಲ್ಲ ಅಂತಲೇ ನನ್ನ ತೀರ್ಮಾನ. ಬರೋ ಮನಸ್ಸಿತ್ತು, ಕ್ಯಾಮೆರಾ ಬಾರದ್ದು ಅವರ ಕೈಯಲ್ಲಿ ಇರಲಿಲ್ಲ. ಅದಕ್ಕೇ ಮೇಷ್ಟ್ರ "ಎಲ್ಲ ಮೋಸ" ಅನ್ನೋ ಮಾತು ನನಗೆ ಸಾಲದು. ಮೋಸ ಮಾಡೋನನ್ನ ಹಿಡಿದು ಕೇಳಬಹುದು. ಇಲ್ಲಿ ಯಾರನ್ನ ಹಿಡಿಯೋದು? ಒಳ್ಳೆಯವರೇ ಒಳ್ಳೇದಕ್ಕೇ ಒಬ್ಬ ಮುದುಕಿಯ ಎರಡು ವರ್ಷ ತಕ್ಕೊಂಡರು. ಕೊಡೋವಾಗ ಅವಳಿಗೆ ಅದು ಎಷ್ಟು ದೊಡ್ಡ ಪಾಲು ಅಂತ ಲೆಕ್ಕ ಹಾಕಲಿಲ್ಲ. ಇಪ್ಪತ್ತೈದರ ಹುಡುಗನಿಗೆ ಎರಡು ವರ್ಷ ಅಂದರೆ ಮುಂದಿನ ಪೀಳಿಗೆ. ಎಂಬತ್ತೆರಡಕ್ಕೆ ಅದು ಇದ್ದದ್ದೆಲ್ಲ. ಬರ್ತದೆ ಅನ್ನೋ ಮಾತು ಹೇಳೋನು ಯಾರಿಗೆ ಹೇಳ್ತಿದ್ದೀನಿ, ಅವರ ಹತ್ತಿರ ಕಾಯೋಕೆ ಎಷ್ಟು ಉಳಿದಿದೆ ಅಂತ ಕೇಳಿಕೊಳ್ಳಬೇಕು. ಕಂಪನಿಯವನಿಗೂ ಇದು ಸಲ್ಲುತ್ತದೆ, ಸರ್ಕಾರಕ್ಕೂ ಸಲ್ಲುತ್ತದೆ. ಮೇಷ್ಟ್ರು ಇಷ್ಟಕ್ಕೆ ತಲೆ ಆಡಿಸಿದರು, ಆದರೆ ತಿಮಿಂಗಿಲದವರನ್ನ ಮಾತ್ರ ಬಿಡೋದಿಲ್ಲ ಅಂದರು. ಅದು ಅವರಿಷ್ಟ, ನಾನೂ ಬಲವಾಗಿ ತಡೆಯಲಿಲ್ಲ.

ಈಗ ಭಾನುವಾರ ಭಾನುವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ತಂಗಿ ಮಗನ ಫೋನಿನಲ್ಲೇ ಹಾಡು ಹಿಡೀತೀವಿ. ಗೋಡೆಗೆ ಗೋಣಿ ಕಟ್ಟಿದರೆ ಸದ್ದು ಅಷ್ಟು ಅನುರಣಿಸೋದಿಲ್ಲ ಅಂತ ಅವನೇ ಕಂಡುಹಿಡಿದ. ಚಿತ್ರ ಸ್ವಲ್ಪ ಮಬ್ಬು, ರೈಲು ಹೋದರೆ ಅದೂ ಹಾಡಿನೊಳಗೆ ಸೇರ್ತದೆ. ಇಲ್ಲಿವರೆಗೆ ಹದಿನೇಳು ಪದ ಆಗಿದೆ, ಅದರಲ್ಲಿ ಆರು ಸೋಬಾನೆ. ಕೆಳಗಿನ ಕೇರಿಯ ಇನ್ನೊಬ್ಬ ಅಜ್ಜಿಗೆ ದೊಡ್ಡ ಪದ ಒಂದು ಬರ್ತದೆ ಅಂತ ಸುದ್ದಿ. ಕೇಳೋಕೆ ಹೋದರೆ, ಹಲ್ಲು ಕಟ್ಟಿಸಿಕೊಂಡ ಮೇಲೆ ಹಾಡ್ತೀನಿ ಅಂತಾರೆ. ಹಲ್ಲು ಬೇಡ, ಹೀಗೇ ಹಾಡಿ ಅಂತ ಬರೋ ಭಾನುವಾರ ಮತ್ತೆ ಹೋಗಿ ಕೂರೋದು ಅಂತ ಇದ್ದೇವೆ.